ಮಾತಿನ ಮೂಲಕ ಮನಸ್ಸಿಗೆ ಚಿಕಿತ್ಸೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಳಗಿನ ಪ್ರಶ್ನೆಗಳಲ್ಲಿ ಹೆಚ್ಚಿನವನ್ನು ನೆಂಟರು, ಜೊತೆಯಲ್ಲಿ ಕೆಲಸ ಮಾಡುವವರು ಮತ್ತು ಪರಿಚಯದವರು ದನಿ ತಗ್ಗಿಸಿ ನನ್ನನ್ನು ಕೇಳಿದ್ದಾರೆ. ಉಳಿದವು, ಮೊದಲ ಬಾರಿ ಚಿಕಿತ್ಸಕರ ಬಳಿಗೆ ಹೋಗುವ ಮುನ್ನ ನಾನೇ ಕೇಳಿಕೊಂಡವು. ನಾನು ವೈದ್ಯಳಲ್ಲ. ಒಂದೂವರೆ ವರ್ಷ ವಾರಕ್ಕೊಮ್ಮೆ ಚಿಕಿತ್ಸಕರ ಎದುರು ಕುಳಿತು ಮಾತಾಡಿದವಳು. ಅನಂತರ ಮನೆಯ ಇಬ್ಬರನ್ನು ಅಲ್ಲಿಗೆ ಕರೆದುಕೊಂಡು ಹೋದವಳು. ಇಲ್ಲಿ ಹೇಳಿರುವ ವ್ಯವಸ್ಥೆಗಳು ಮುಖ್ಯವಾಗಿ ಕರ್ನಾಟಕಕ್ಕೆ ಸಂಬಂಧಿಸಿದವು.

ಇಷ್ಟೆಲ್ಲ ಓದುವ ಸ್ಥಿತಿಯಲ್ಲಿ ನಾನಿಲ್ಲ, ಬದುಕೇ ಬೇಡ ಎನ್ನಿಸುತ್ತಿದೆ. ಈಗಲೇ ಯಾರೊಂದಿಗೆ ಮಾತಾಡಲಿ?

14416ಕ್ಕೆ ಕರೆ ಮಾಡಿ. ಇದು ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಆರಂಭವಾದ ಇದು ದಿನದ 24 ಗಂಟೆಯೂ ಉಚಿತವಾಗಿ ಲಭ್ಯವಿದ್ದು, ಇಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು. 1800-891-4416 ಎಂಬುದು ಇದೇ ಸೇವೆಯ ಇನ್ನೊಂದು ಸಂಖ್ಯೆ. ಜೀವಕ್ಕೆ ತಕ್ಷಣದ ಅಪಾಯವಿದ್ದರೆ 112ಕ್ಕೆ ಕರೆ ಮಾಡಬೇಕು, ಇಲ್ಲವೇ ಹತ್ತಿರದ ಯಾವುದೇ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ಒಬ್ಬರೇ ಇರಬೇಡಿ, ಪಕ್ಕದ ಕೋಣೆಯಲ್ಲೋ ಪಕ್ಕದ ಮನೆಯಲ್ಲೋ ಇರುವವರನ್ನು ಕರೆದು, ಕಾರಣವನ್ನೆಲ್ಲ ವಿವರಿಸಲು ಆಗದಿದ್ದರೂ, "ಇವತ್ತು ನನ್ನ ಜೊತೆ ಇರಿ" ಎಂದಷ್ಟೇ ಹೇಳಿ.

ಪೊಲೀಸ್ ಪ್ರಕರಣವಾಗುತ್ತದೆಂಬ ಭಯದಿಂದ ಅನೇಕ ಕುಟುಂಬಗಳು ಆಸ್ಪತ್ರೆಗೆ ಹೋಗಲು ಹಿಂಜರಿಯುತ್ತವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಸೆಕ್ಷನ್ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದ ವ್ಯಕ್ತಿಯನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು ಮತ್ತು ಅವರಿಗೆ ಆರೈಕೆ, ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯ. ಈ ಭಯದಿಂದ ಒಂದು ನಿಮಿಷವನ್ನೂ ಕಳೆಯಬಾರದು.

ಮಾತಿನ ಚಿಕಿತ್ಸೆ ಎಂದರೇನು? ಸ್ನೇಹಿತರೊಂದಿಗೆ ಮಾತಾಡಿದರೆ ಸಾಲದೇ?

ಸ್ನೇಹಿತರೊಂದಿಗೆ ಮಾತಾಡುವುದು ಒಳ್ಳೆಯದು, ಹಲವು ಸಲ ಅಷ್ಟೇ ಸಾಕಾಗುತ್ತದೆ. ಆದರೆ ನಮ್ಮಲ್ಲಿ ದುಃಖ ಹೇಳಿಕೊಂಡವರಿಗೆ ಮೊದಲು ಸಿಗುವುದು ಬುದ್ಧಿಮಾತು. "ಎಲ್ಲರಿಗೂ ಇದ್ದದ್ದೇ", "ಮನಸ್ಸು ಗಟ್ಟಿ ಮಾಡ್ಕೋ", "ನಿನಗೇನು ಕಮ್ಮಿಯಾಗಿದೆ?" ಎಂಬ ಮಾತುಗಳು ಪ್ರೀತಿಯಿಂದಲೇ ಬರುತ್ತವೆಯಾದರೂ, ಅವುಗಳ ಬಳಿಕ ಹೇಳಿಕೊಳ್ಳುವವರ ಬಾಯಿ ಕಟ್ಟಿಹೋಗುತ್ತದೆ. ಮಾತಿನ ಚಿಕಿತ್ಸೆಯಲ್ಲಿ ತರಬೇತಿ ಪಡೆದ ಒಬ್ಬರು ಮೊದಲು ಕೇಳಿಸಿಕೊಳ್ಳುತ್ತಾರೆ. ಹೇಳಿದ್ದನ್ನು ನೆನಪಿಟ್ಟುಕೊಂಡು, ಮೂರು ವಾರದ ಹಿಂದೆ ಆಡಿದ ಒಂದು ಮಾತನ್ನು ಇವತ್ತಿನ ಮಾತಿಗೆ ಜೋಡಿಸಿ, ನಮಗೆ ಕಾಣದೇ ಉಳಿದಿದ್ದ ನಮ್ಮದೇ ವರ್ತನೆಯನ್ನು ಎದುರಿಗಿಡುತ್ತಾರೆ. ಅವರಿಗೆ ನಮ್ಮ ಮನೆಯ ಆಸ್ತಿಯಲ್ಲಾಗಲಿ, ಮದುವೆಯಲ್ಲಾಗಲಿ, ಮರ್ಯಾದೆಯಲ್ಲಾಗಲಿ ಪಾಲಿಲ್ಲ. ಹಾಗಾಗಿ ಅವರೆದುರು ಅತ್ತರೆ ನಾಳೆ ಅದು ಇನ್ನೊಬ್ಬರ ಬಾಯಲ್ಲಿ ಬರುವುದಿಲ್ಲ.

ಈ ಚಿಕಿತ್ಸೆಯಲ್ಲಿ ಹಲವು ಪದ್ಧತಿಗಳಿವೆ. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಅರಿವು ಮತ್ತು ವರ್ತನೆಯ ಚಿಕಿತ್ಸೆ, ಅಂದರೆ ಸಿಬಿಟಿ, ಇವುಗಳಲ್ಲಿ ಹೆಚ್ಚು ಅಧ್ಯಯನಕ್ಕೆ ಒಳಗಾದದ್ದು. ಅದರ ತಿರುಳು ಸರಳವಾಗಿದೆ. ಬೆಳಿಗ್ಗೆ ಕಚೇರಿಯ ಮೆಟ್ಟಿಲಲ್ಲಿ ನಾವು ಮಾಡಿದ ನಮಸ್ಕಾರವನ್ನು ಮೇಲಧಿಕಾರಿಗಳು ಗಮನಿಸದೆ ಹೋದರು ಎಂದುಕೊಳ್ಳೋಣ. "ಅವರಿಗೆ ಏನೋ ಅವಸರ" ಎಂದುಕೊಂಡವರು ಆ ಘಟನೆಯನ್ನು ಮರೆಯುತ್ತಾರೆ; "ನನ್ನಿಂದ ತಪ್ಪಾಗಿದೆ, ಕೆಲಸ ಹೋಗುತ್ತದೆ" ಎಂದುಕೊಂಡವರಿಗೆ ಅಂದಿಡೀ ಎದೆ ಹೊಡೆದುಕೊಳ್ಳುತ್ತದೆ, ರಾತ್ರಿ ನಿದ್ದೆ ಬರುವುದಿಲ್ಲ, ಮರುದಿನ ರಜೆ ಹಾಕುತ್ತಾರೆ. ಘಟನೆ ಒಂದೇ, ನಡುವೆ ಮಿಂಚಿ ಮಾಯವಾದ ಆಲೋಚನೆ ಮಾತ್ರ ಬೇರೆ. ಆ ಆಲೋಚನೆಯನ್ನು ಹಿಡಿದು, ಬರೆದು, ಅದಕ್ಕೆ ಆಧಾರವಿದೆಯೇ ಎಂದು ಪರೀಕ್ಷಿಸುವುದನ್ನು ಚಿಕಿತ್ಸಕರು ಕಲಿಸುತ್ತಾರೆ.

ಇನ್ನೊಂದು ಉದಾಹರಣೆಯನ್ನು ನಮ್ಮ ಮನೆಗಳಿಂದಲೇ ಕೊಡಬಹುದು. ಗೀಳು ಕಾಯಿಲೆ ಇರುವವರು ಕೈಯನ್ನೋ ಪಾತ್ರೆಯನ್ನೋ ಹತ್ತಾರು ಬಾರಿ ತೊಳೆಯುತ್ತಾರೆ, ಸ್ನಾನದ ಮನೆಯಲ್ಲಿ ಗಂಟೆಗಟ್ಟಲೆ ಕಳೆಯುತ್ತಾರೆ. ಮಡಿ ಮೈಲಿಗೆಯ ರೂಢಿಯಿರುವ ಮನೆಯಲ್ಲಿ ಇದು ವರ್ಷಗಟ್ಟಲೆ "ಅವರಿಗೆ ಸ್ವಲ್ಪ ಮಡಿ ಜಾಸ್ತಿ" ಎಂಬ ಹೆಸರಿನಲ್ಲಿ ಸಾಗಿಬಿಡಬಹುದು. ಮಡಿ ಆಚರಿಸುವವರಿಗೆ ಅದು ಮುಗಿದ ಮೇಲೆ ಸಮಾಧಾನವಿರುತ್ತದೆ. ಗೀಳಿನಲ್ಲಿ ಮುಗಿಯುವುದೇ ಇಲ್ಲ, ಚರ್ಮ ಬಿರಿದು ರಕ್ತ ಬಂದರೂ ಇನ್ನೊಮ್ಮೆ ತೊಳೆಯಲೇಬೇಕೆಂಬ ಒತ್ತಾಯ ಬಿಡುವುದಿಲ್ಲ. ಇದಕ್ಕೆ ಇರುವ ಚಿಕಿತ್ಸೆಯಲ್ಲಿ ಬಾಗಿಲ ಚಿಲಕವನ್ನು ಮುಟ್ಟಿ, ಕೈ ತೊಳೆಯದೆ, ಚಿಕಿತ್ಸಕರ ಜೊತೆ ಕುಳಿತು ಆ ಕಳವಳ ತಾನಾಗಿಯೇ ಇಳಿಯುವವರೆಗೆ ಕಾಯುವುದನ್ನು ಹಂತ ಹಂತವಾಗಿ ಅಭ್ಯಾಸ ಮಾಡಿಸುತ್ತಾರೆ. ಇದು ಬರೀ ಮಾತಲ್ಲ, ಕಷ್ಟದ ಕೆಲಸ.

ನನ್ನ ಸಮಸ್ಯೆ ಅಷ್ಟು ದೊಡ್ಡದೇನಲ್ಲ. ಆದರೂ ಹೋಗಬಹುದೇ?

ಹೋಗಬಹುದು. ನಿದ್ದೆ, ಹಸಿವು, ಕೆಲಸ, ಮನೆಯವರೊಂದಿಗಿನ ಒಡನಾಟ, ಇವುಗಳಲ್ಲಿ ಒಂದೆರಡು ಕೆಟ್ಟು ಎರಡು ವಾರಗಳಿಗೂ ಹೆಚ್ಚಾಗಿದ್ದರೆ ಯಾರಲ್ಲಾದರೂ ತೋರಿಸಿಕೊಳ್ಳುವುದು ಒಳಿತು. ಪರೀಕ್ಷೆಯಲ್ಲಿ ಏನೂ ಸಿಗದ ತಲೆನೋವು, ಎದೆ ಭಾರ, ಕೈಕಾಲು ಜೋಮು, ಹೊಟ್ಟೆಯ ತೊಳಸು ಮರುಕಳಿಸುತ್ತಿದ್ದರೂ ಅಷ್ಟೇ. ನಮ್ಮಲ್ಲಿ ಮನಸ್ಸಿನ ನೋವು ಬಹಳ ಸಲ ಮೈಯ ಬಾಗಿಲಿನಿಂದಲೇ ಆಸ್ಪತ್ರೆಗೆ ಬರುತ್ತದೆ. ಸಾವು, ವಿಚ್ಛೇದನ, ಗರ್ಭಪಾತ, ಸಾಲ, ಪರೀಕ್ಷೆಯಲ್ಲಿನ ಸೋಲು ಮುಂತಾದ ನಿರ್ದಿಷ್ಟ ಕಾರಣಗಳಿಗೂ ಹೋಗಬಹುದು. ಕಾಯಿಲೆಯ ಹೆಸರು ಇರಲೇಬೇಕೆಂದಿಲ್ಲ.

ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಆ ಸಮಯದಲ್ಲಿ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಇರುವುದು ಕಂಡುಬಂತು. ಖಿನ್ನತೆ, ಆತಂಕದಂಥ ಸಾಮಾನ್ಯ ಸಮಸ್ಯೆಗಳಿದ್ದವರಲ್ಲಿ ಸುಮಾರು ಶೇ 85ರಷ್ಟು ಜನ ಚಿಕಿತ್ಸೆಯನ್ನೇ ಪಡೆದಿರಲಿಲ್ಲ. ಅಷ್ಟೊಂದು ಮಂದಿ ಹೋಗದೆ ಉಳಿಯಲು ದೂರ, ಹಣ, ಅಂಜಿಕೆ ಎಲ್ಲವೂ ಕಾರಣ. ಆದರೆ "ನನ್ನದು ಅಷ್ಟು ದೊಡ್ಡದಲ್ಲ" ಎಂಬ ಸಂಕೋಚವೂ ಅದರಲ್ಲಿ ಸೇರಿದೆ ಎಂಬುದು ನನ್ನ ಅನಿಸಿಕೆ. ನಾನೂ ಎರಡು ವರ್ಷ ಅದೇ ಸಂಕೋಚದಲ್ಲಿ ಕಳೆದೆ.

ಅಲ್ಲಿಗೆ ಹೋದರೆ ಹುಚ್ಚು ಎನ್ನುತ್ತಾರಲ್ಲ?

ಎನ್ನುವವರಿದ್ದಾರೆ. "ನಿಮ್ಹಾನ್ಸ್‌ಗೆ ಸೇರಿಸಬೇಕು" ಎಂಬುದು ನಮ್ಮಲ್ಲಿ ಇಂದಿಗೂ ಬೈಗುಳದಂತೆಯೇ ಬಳಕೆಯಾಗುತ್ತಿದೆ, ಅದನ್ನು ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ. ಅದೇ ಸಂಸ್ಥೆಯಲ್ಲಿ ಪಾರ್ಶ್ವವಾಯು, ಮೂರ್ಛೆರೋಗ, ತಲೆಗೆ ಬಿದ್ದ ಪೆಟ್ಟುಗಳಿಗೂ ಚಿಕಿತ್ಸೆ ಸಿಗುತ್ತದೆ ಎಂಬುದನ್ನು ಹಾಗೆ ಬೈಯುವವರು ಮರೆತಿರುತ್ತಾರೆ. ಬೆಂಗಳೂರಿನಲ್ಲಿ ಬೆಳೆದ ನಟಿ ದೀಪಿಕಾ ಪಡುಕೋಣೆ ತಮ್ಮ ಖಿನ್ನತೆಯ ಬಗ್ಗೆ 2015ರಲ್ಲಿ ಬಹಿರಂಗವಾಗಿ ಮಾತಾಡಿದ ಮೇಲೆ ಎಳೆಯರಲ್ಲಿ ಈ ಮಾತು ಸ್ವಲ್ಪ ಸಲೀಸಾಗಿದೆ. ಎಲ್ಲರಿಗೂ ಹೇಳಿಯೇ ಹೋಗಬೇಕೆಂಬ ನಿಯಮವೇನೂ ಇಲ್ಲ. ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಎಂಬುದು ನಿಮ್ಮ ತೀರ್ಮಾನ.

ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಆಪ್ತ ಸಮಾಲೋಚಕರು: ಇವರಲ್ಲಿ ಯಾರ ಬಳಿಗೆ ಹೋಗಬೇಕು?

ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಮುಂದಿನ ವ್ಯಾಸಂಗ ಮಾಡಿದ ವೈದ್ಯರು. ಔಷಧಿ ಬರೆಯುವವರು ಅವರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಅಂದರೆ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು, ಮನಶ್ಶಾಸ್ತ್ರದ ಸ್ನಾತಕೋತ್ತರ ಪದವಿಯ ಬಳಿಕ ಆಸ್ಪತ್ರೆಯಲ್ಲಿದ್ದುಕೊಂಡೇ ಪಡೆಯುವ ವಿಶೇಷ ತರಬೇತಿಯನ್ನು ಮುಗಿಸಿರುತ್ತಾರೆ. ಸಾಮಾನ್ಯವಾಗಿ ಇದು ಎರಡು ವರ್ಷದ ಎಂ.ಫಿಲ್. ಇವರು ಔಷಧಿ ಬರೆಯುವುದಿಲ್ಲ, ಮಾತಿನ ಚಿಕಿತ್ಸೆಯೇ ಇವರ ಮುಖ್ಯ ಕೆಲಸಗಳಲ್ಲೊಂದು. ಮನೋವೈದ್ಯಕೀಯ ಸಮಾಜಕಾರ್ಯಕರ್ತರು ಕುಟುಂಬದ ಜೊತೆ ಮಾತಾಡುವುದರಲ್ಲಿ, ಪುನರ್ವಸತಿಯಲ್ಲಿ ಪಳಗಿದವರು. ಆಪ್ತ ಸಮಾಲೋಚಕ ಎಂಬ ಹೆಸರು ಮಾತ್ರ ಬಹಳ ಅಗಲವಾದದ್ದು. ಅದರಡಿಯಲ್ಲಿ ವರ್ಷಗಟ್ಟಲೆ ಓದಿ ಪಳಗಿದವರೂ ಇದ್ದಾರೆ, ಮೂರು ತಿಂಗಳ ಪ್ರಮಾಣಪತ್ರ ಹಿಡಿದು ಫಲಕ ಹಾಕಿಕೊಂಡವರೂ ಇದ್ದಾರೆ.

ಆದ್ದರಿಂದ ಓದು ಏನು, ತರಬೇತಿ ಎಲ್ಲಿ ಆಯಿತು ಎಂದು ಕೇಳುವುದರಲ್ಲಿ ಅಗೌರವವಿಲ್ಲ. ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ. ಅದನ್ನು ಪರಿಷತ್ತಿನ ಜಾಲತಾಣದಲ್ಲಿ ಪರಿಶೀಲಿಸಬಹುದು. ಒಳ್ಳೆಯ ಚಿಕಿತ್ಸಕರು ಈ ಪ್ರಶ್ನೆಗೆ ಮುನಿಸಿಕೊಳ್ಳುವುದಿಲ್ಲ.

ಯಾರಿಗೂ ಕೇಳಿಸದ ದನಿ ಕೇಳಿಸುವುದು, ಎಲ್ಲರೂ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆಂಬ ಬಲವಾದ ಅನುಮಾನ, ದಿನಗಟ್ಟಲೆ ನಿದ್ದೆಯಿಲ್ಲದೆಯೂ ದಣಿವಾಗದ ವಿಪರೀತ ಉತ್ಸಾಹ, ಊಟ ನೀರು ಬಿಟ್ಟು ಮಲಗಿರುವುದು, ಇಂಥವು ಇದ್ದರೆ ಮೊದಲು ಮನೋವೈದ್ಯರನ್ನೇ ಕಾಣಬೇಕು.

ಕರ್ನಾಟಕದಲ್ಲಿ ಎಲ್ಲಿಗೆ ಹೋಗಬಹುದು? ನಮ್ಮೂರು ಬೆಂಗಳೂರಿನಿಂದ ಬಹಳ ದೂರ.

ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್ ಎಲ್ಲರಿಗೂ ಗೊತ್ತಿರುವ ಜಾಗ. 1974ರಲ್ಲಿ ಹಳೆಯ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗಳು ಒಂದಾಗಿ ಈಗಿನ ರೂಪಕ್ಕೆ ಬಂದ ಈ ಸಂಸ್ಥೆಯಲ್ಲಿ ಜನದಟ್ಟಣೆ ಹೆಚ್ಚು, ಕಾಯಬೇಕಾಗುತ್ತದೆ. ಆಸ್ಪತ್ರೆಯ ವಾತಾವರಣಕ್ಕೆ ಅಂಜುವವರಿಗೆಂದು ಬಿಟಿಎಂ ಬಡಾವಣೆಯಲ್ಲಿ ಇದೇ ಸಂಸ್ಥೆಯ ಕ್ಷೇಮ ಕೇಂದ್ರವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಹತ್ತಿರ.

ಇಷ್ಟು ದೂರ ಹೋಗಲೇಬೇಕೆಂದಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಪ್ರತಿ ಜಿಲ್ಲೆಯಲ್ಲಿಯೂ ಇದೆ. ಈ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗ ಎಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ. ಮನೋಚೈತನ್ಯ ಎಂಬ ರಾಜ್ಯದ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂಬುದನ್ನು ಆಸ್ಪತ್ರೆಯಲ್ಲಿಯೋ ಆಶಾ ಕಾರ್ಯಕರ್ತೆಯರ ಬಳಿಯೋ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಹದಿಹರೆಯದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ವಿಭಾಗವಿರುತ್ತದೆ. ಎಲ್ಲಿಂದ ಆರಂಭಿಸಬೇಕೆಂದೇ ತಿಳಿಯದಿದ್ದರೆ 14416ಕ್ಕೆ ಕರೆ ಮಾಡಿ ಕೇಳಿದರೂ ದಾರಿ ತೋರಿಸುತ್ತಾರೆ. ಅದು ತುರ್ತು ಪರಿಸ್ಥಿತಿಗೆ ಮಾತ್ರ ಇರುವ ಸಂಖ್ಯೆಯಲ್ಲ.

ಹಳ್ಳಿಗಾಡಿನಲ್ಲಿ ವಾರವಾರ ಮಾತಿನ ಚಿಕಿತ್ಸೆ ಸಿಗುವುದು ಈಗಲೂ ಕಷ್ಟವೇ. ಹತ್ತು ನಿಮಿಷದಲ್ಲಿ ಮಾತ್ರೆ ಬರೆದು ಕಳಿಸಬೇಕಾದ ಒತ್ತಡ ಸರ್ಕಾರಿ ಆಸ್ಪತ್ರೆಗಳಲ್ಲಿ ಇದ್ದೇ ಇದೆ. ಅಂಥ ಕಡೆ ಫೋನ್ ಅಥವಾ ವಿಡಿಯೊ ಮೂಲಕ ಮಾತಾಡುವ ಚಿಕಿತ್ಸಕರು ನೆರವಿಗೆ ಬರುತ್ತಾರೆ. ಆದರೆ ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಾತಾಡುವಷ್ಟು ಏಕಾಂತ ಎಷ್ಟು ಜನರಿಗಿದೆ? ನನಗೆ ಗೊತ್ತಿರುವ ಒಬ್ಬರು ತೋಟದ ಪಂಪ್‌ಹೌಸ್ ಕಟ್ಟೆಯ ಮೇಲೆ ಕುಳಿತು ಪ್ರತಿ ಶನಿವಾರ ತಮ್ಮ ಚಿಕಿತ್ಸಕರ ಜೊತೆ ಮಾತಾಡುತ್ತಾರೆ.

ಕನ್ನಡದಲ್ಲಿಯೇ ಮಾತಾಡಬಹುದೇ? ನನಗೆ ಇಂಗ್ಲಿಷ್ ಬರುತ್ತದೆ, ಆದರೂ...

ಆ "ಆದರೂ" ಎಂಬುದಕ್ಕೆ ಕಿವಿಗೊಡಿ. ಇಡೀ ದಿನ ಇಂಗ್ಲಿಷಿನಲ್ಲಿ ವ್ಯವಹರಿಸುವವರಿಗೂ ಅಳು ಬರುವುದು ಮನೆಯ ಮಾತಿನಲ್ಲಿಯೇ. ನನ್ನ ಮೊದಲ ಚಿಕಿತ್ಸಕರ ಜೊತೆ ನಾನು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದೆ. ವಾಕ್ಯಗಳೆಲ್ಲ ಚೊಕ್ಕವಾಗಿ ಬರುತ್ತಿದ್ದವು, ಯಾರದೋ ಕಥೆ ಹೇಳಿದಂತೆ. ನಾಲ್ಕನೆಯ ವಾರ, ಅಪ್ಪ ತೀರಿಕೊಂಡ ರಾತ್ರಿಯನ್ನು ಹೇಳುವಾಗ "ಜೀವ ಹಿಂಡಿದ ಹಾಗಾಯ್ತು" ಎಂದು ಕನ್ನಡದಲ್ಲಿ ಬಾಯಿಗೆ ಬಂತು, ಮುಂದೆ ಮಾತೇ ಹೊರಡಲಿಲ್ಲ. ಆಕೆಗೆ ಕನ್ನಡ ಬರುತ್ತಿರಲಿಲ್ಲ. ಅವರೇ ಪ್ರೀತಿಯಿಂದ, ಕನ್ನಡ ಬಲ್ಲ ಇನ್ನೊಬ್ಬರ ಬಳಿಗೆ ನನ್ನನ್ನು ಕಳಿಸಿದರು. ನನಗೆ ಒಳಿತಾದದ್ದು ಅಲ್ಲಿಂದ ಮುಂದೆ.

ಹೊಸ ಚಿಕಿತ್ಸಕರ ಬಳಿ ಮೊದಲ ತಿಂಗಳು ನಾವು ಮಾಡಿದ ಕೆಲಸವೆಂದರೆ "ಬೇಜಾರು" ಎಂಬ ಒಂದೇ ಪದವನ್ನು ಬಿಡಿಸಿ ನೋಡಿದ್ದು. ನಾವು ಎಲ್ಲಕ್ಕೂ ಬೇಜಾರು ಎನ್ನುತ್ತೇವೆ. ಹೊತ್ತು ಹೋಗದಿದ್ದರೂ ಬೇಜಾರು, ಯಾರಾದರೂ ಅವಮಾನ ಮಾಡಿದರೂ ಬೇಜಾರು, ಸಾವಿನ ದುಃಖವೂ ಬೇಜಾರು, ಕೋಪವನ್ನು ನುಂಗಿಕೊಂಡಾಗಲೂ "ಏನಿಲ್ಲ, ಸ್ವಲ್ಪ ಬೇಜಾರು". ಧಾರವಾಡದ ಕಡೆ "ಬ್ಯಾಸರ" ಎಂಬುದು ಹೆಚ್ಚುಕಡಿಮೆ ಇಷ್ಟೇ ಕೆಲಸ ಮಾಡುತ್ತದೆ. ನನ್ನ ಬೇಜಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಕೋಪ ಎಂಬುದು ಅಲ್ಲಿಯೇ ಗೊತ್ತಾಯಿತು. "ಸಂಕಟ" ಎಂಬ ಪದ ಹೊಟ್ಟೆಗೂ ಮನಸ್ಸಿಗೂ ಸಲ್ಲುತ್ತದೆ. "ಹೊಟ್ಟೆಯಲ್ಲಿ ಸಂಕಟ" ಎಂದವರಿಗೆ ಕನ್ನಡ ಬಲ್ಲವರು ಕೇಳುವ ಮುಂದಿನ ಪ್ರಶ್ನೆಯೇ ಬೇರೆ. ಅತ್ತೆ, ಓರಗಿತ್ತಿ, ಮನೆ ಅಳಿಯ ಎಂಬ ಪದಗಳ ಹಿಂದಿರುವ ಅಧಿಕಾರ, ಮುನಿಸು, ಹಂಗುಗಳನ್ನು ಇನ್ನೊಂದು ಭಾಷೆಯಲ್ಲಿ ವಿವರಿಸುವಷ್ಟರಲ್ಲಿ ಅರ್ಧ ಗಂಟೆ ಕಳೆದಿರುತ್ತದೆ.

ಆದ್ದರಿಂದ ಸಮಯ ಗೊತ್ತುಮಾಡಿಕೊಳ್ಳುವಾಗಲೇ "ನನಗೆ ಕನ್ನಡದಲ್ಲಿ ಮಾತಾಡುವವರು ಬೇಕು" ಎಂದು ಕೇಳಿ. ತುಳು, ಕೊಂಕಣಿ, ಕೊಡವ, ಬ್ಯಾರಿ, ಉರ್ದು ಮನೆಮಾತಿನವರಿಗೂ ಇದೇ ಮಾತು ಅನ್ವಯಿಸುತ್ತದೆ. ಹೊರದೇಶದಲ್ಲಿರುವ ಕನ್ನಡಿಗರಿಗೆ ಅಲ್ಲಿಯ ಚಿಕಿತ್ಸಕರು ಸುಲಭವಾಗಿ ಸಿಗಬಹುದು, ಆದರೆ ಅಕ್ಕನ ಮದುವೆಗೆ ಸಾಲ ತೀರಿಸುತ್ತಿರುವ ತಮ್ಮನ ಮನಸ್ಸನ್ನು ಅವರಿಗೆ ಅರ್ಥ ಮಾಡಿಸಲು ಸಮಯ ಹಿಡಿಯುತ್ತದೆ. ಕನ್ನಡ ಬಲ್ಲವರೇ ಸಿಗದಿದ್ದರೆ, ಬಾಯಿಗೆ ಬಂದ ಕನ್ನಡ ಮಾತನ್ನು ಹಾಗೆಯೇ ಆಡಿ, ಆಮೇಲೆ ಅದರ ಅರ್ಥ ಹೇಳಿ. ಆ ವಿವರಣೆಯಲ್ಲಿಯೂ ಎಷ್ಟೋ ಸಂಗತಿ ಹೊರಬರುತ್ತದೆ.

ಮೊದಲ ದಿನ ಏನಾಗುತ್ತದೆ?

ಹೆಸರು, ವಯಸ್ಸು, ಮನೆಯಲ್ಲಿ ಯಾರಿದ್ದಾರೆ, ನಿದ್ದೆ ಹೇಗಿದೆ, ಹಿಂದೆ ಕಾಯಿಲೆಗಳಿದ್ದವೇ, ಕುಡಿತವಿದೆಯೇ, ಸಾಯುವ ಯೋಚನೆ ಬರುತ್ತದೆಯೇ ಎಂದೆಲ್ಲ ಕೇಳುತ್ತಾರೆ. ಸಾಮಾನ್ಯವಾಗಿ ಒಂದು ಭೇಟಿ 45ರಿಂದ 50 ನಿಮಿಷ. ಎಲ್ಲವನ್ನೂ ಒಂದೇ ದಿನ ಹೇಳಬೇಕಿಲ್ಲ. ನಾನು ಮೊದಲ ದಿನ ಇಪ್ಪತ್ತು ನಿಮಿಷ ನನ್ನ ಅಸಿಡಿಟಿಯ ಬಗ್ಗೆ ಮಾತಾಡಿದೆ, ಅವರು ಅದನ್ನೂ ಗಮನವಿಟ್ಟು ಕೇಳಿಸಿಕೊಂಡರು. ಹೊರಬಂದ ಮೇಲೆ ಹಗುರವಾಗುವ ಬದಲು ಇನ್ನಷ್ಟು ಕಲಕಿದಂತಾಗುವುದೂ ಉಂಟು. ಮುಚ್ಚಿಟ್ಟದ್ದನ್ನು ತೆರೆದಾಗ ಹಾಗಾಗುತ್ತದೆ. ಸಾಧ್ಯವಾದರೆ ಅಂದು ಬೇರೆ ಮುಖ್ಯ ಕೆಲಸ ಇಟ್ಟುಕೊಳ್ಳಬೇಡಿ.

ಎಷ್ಟು ಸಲ ಹೋಗಬೇಕು? ಎಷ್ಟು ಹಣ ಬೇಕು?

ಆತಂಕ, ಖಿನ್ನತೆಗಳಿಗೆ ಸಿಬಿಟಿಯನ್ನು ಸಾಮಾನ್ಯವಾಗಿ 12ರಿಂದ 20 ಭೇಟಿಗಳ ಲೆಕ್ಕದಲ್ಲಿ ಯೋಜಿಸುತ್ತಾರೆ. ಬಾಲ್ಯದ ಗಾಯಗಳಿದ್ದರೆ ಹೆಚ್ಚು ಕಾಲ ಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಖರ್ಚು ಬಹಳ ಕಡಿಮೆ ಅಥವಾ ಇಲ್ಲವೇ ಇಲ್ಲ. ಖಾಸಗಿಯಾಗಿ ಬೆಂಗಳೂರಿನಲ್ಲಿ ಒಂದು ಭೇಟಿಗೆ ಸಾವಿರ ರೂಪಾಯಿ, ಅದಕ್ಕೂ ಮೇಲೆ ಆಗುವುದು ಸಾಮಾನ್ಯ. ವಾರವಾರ ಹೋಗುವವರಿಗೆ ಇದು ಸಣ್ಣ ಹೊರೆಯಲ್ಲ. ಆದಾಯ ನೋಡಿ ಶುಲ್ಕ ಕಡಿಮೆ ಮಾಡುವ ಚಿಕಿತ್ಸಕರೂ ಸ್ವಯಂಸೇವಾ ಕೇಂದ್ರಗಳೂ ಇವೆ. ಕೇಳುವುದರಲ್ಲಿ ನಾಚಿಕೆ ಬೇಡ.

ದೈಹಿಕ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಒದಗಿಸಬೇಕೆಂದು 2017ರ ಕಾಯ್ದೆ ಹೇಳುತ್ತದೆ. ಆದರೆ ಅನೇಕ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದಾಗಿನ ಖರ್ಚನ್ನು ಮಾತ್ರ ಭರಿಸುವುದರಿಂದ, ಹೊರರೋಗಿಯಾಗಿ ಪಡೆಯುವ ಮಾತಿನ ಚಿಕಿತ್ಸೆ ಅದರಲ್ಲಿ ಸೇರುತ್ತದೆಯೇ ಎಂದು ಮೊದಲೇ ಲಿಖಿತವಾಗಿ ಕೇಳಿಕೊಳ್ಳಿ.

ಮಾತ್ರೆ ತೆಗೆದುಕೊಳ್ಳಲೇಬೇಕೇ?

ಎಲ್ಲರಿಗೂ ಬೇಕಿಲ್ಲ. ತೀವ್ರ ಖಿನ್ನತೆಯಲ್ಲಿ ಮಾತ್ರೆ ಮತ್ತು ಮಾತು ಎರಡೂ ಸೇರಿ ಹೆಚ್ಚು ಕೆಲಸ ಮಾಡುತ್ತವೆ. ಇಲ್ಲದ ದನಿ ಕೇಳಿಸುವ, ಬಲವಾದ ಅನುಮಾನ ಕಾಡುವ ಸ್ಕಿಜೋಫ್ರೇನಿಯಾ, ವಿಪರೀತ ಉತ್ಸಾಹವೂ ಖಿನ್ನತೆಯೂ ಬಂದು ಹೋಗುವ ಬೈಪೋಲಾರ್, ಈ ಕಾಯಿಲೆಗಳಲ್ಲಿ ಔಷಧಿಯೇ ಆಧಾರ, ಮಾತು ಅದಕ್ಕೆ ಜೊತೆ. ಆರಂಭಿಸಿದ ಮಾತ್ರೆಯನ್ನು "ಈಗ ಚೆನ್ನಾಗಿದ್ದೇನೆ" ಎಂದು ತಾವಾಗಿಯೇ ನಿಲ್ಲಿಸಬಾರದು. ವೈದ್ಯರು ನಿಧಾನವಾಗಿ ಇಳಿಸುತ್ತಾರೆ.

ಹೇಳಿದ್ದು ಗುಟ್ಟಾಗಿ ಉಳಿಯುತ್ತದೆಯೇ?

ಉಳಿಯಬೇಕು, ಅದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೆಯ ಸೆಕ್ಷನ್ ಕೊಟ್ಟಿರುವ ಹಕ್ಕು. ಗಂಡ, ಹೆಂಡತಿ, ಅಪ್ಪ, ಅಮ್ಮ, ಕೆಲಸ ಕೊಟ್ಟವರು, ಯಾರಿಗೂ ನಿಮ್ಮ ಒಪ್ಪಿಗೆಯಿಲ್ಲದೆ ಹೇಳುವಂತಿಲ್ಲ. ಅಪವಾದಗಳಿವೆ: ನಿಮ್ಮ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯವಿದ್ದಾಗ, ನ್ಯಾಯಾಲಯದ ಆದೇಶವಿದ್ದಾಗ, ಮತ್ತು 18 ವರ್ಷದೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದಾಗ. ಕೊನೆಯದನ್ನು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವರದಿ ಮಾಡುವುದು ಕಡ್ಡಾಯ. ಈ ಮಿತಿಗಳನ್ನು ಚಿಕಿತ್ಸಕರು ಮೊದಲ ಭೇಟಿಯಲ್ಲಿಯೇ ತಿಳಿಸಬೇಕು; ತಿಳಿಸದಿದ್ದರೆ ನೀವೇ ಕೇಳಿ.

ದೇವಸ್ಥಾನ, ದರ್ಗಾ, ಜ್ಯೋತಿಷಿಗಳ ಬಳಿ ಹೋಗುತ್ತಿದ್ದೇವೆ. ಅದನ್ನು ಬಿಡಬೇಕೇ?

ಪೂಜೆ, ಹರಕೆ, ಪ್ರಾರ್ಥನೆಗಳಿಂದ ಸಮಾಧಾನ ಸಿಗುತ್ತಿದ್ದರೆ ಬಿಡುವ ಅಗತ್ಯವಿಲ್ಲ. ಅದನ್ನು ಚಿಕಿತ್ಸಕರಿಗೆ ಹೇಳಿ. ಗೇಲಿ ಮಾಡದೆ ಕೇಳಿಸಿಕೊಳ್ಳುವುದು ಅವರ ಕರ್ತವ್ಯ. ಹೊಡೆಯುವುದು, ಕಟ್ಟಿಹಾಕುವುದು, ಉಪವಾಸ ಕೆಡವುವುದು, ಮಾತ್ರೆ ನಿಲ್ಲಿಸುವಂತೆ ಹೇಳುವುದು ನಡೆದರೆ ಮಾತ್ರ ತಕ್ಷಣ ಅಲ್ಲಿಂದ ಕರೆದುಕೊಂಡು ಬನ್ನಿ. ಮಾನಸಿಕ ಕಾಯಿಲೆ ಇರುವವರನ್ನು ಸರಪಳಿಯಿಂದ ಕಟ್ಟುವುದನ್ನು ಕಾನೂನು ನಿಷೇಧಿಸಿದೆ.

ಚಿಕಿತ್ಸಕರು ಹಿಡಿಸದಿದ್ದರೆ ಏನು ಮಾಡಬೇಕು?

ಮೂರು ನಾಲ್ಕು ಭೇಟಿಗಳ ಬಳಿಕವೂ ಮನಸ್ಸು ಬಿಚ್ಚಿ ಮಾತಾಡಲು ಆಗದಿದ್ದರೆ ಅದನ್ನು ಅವರಿಗೇ ಹೇಳಿ ನೋಡಿ, ಆಗಲೂ ಸರಿಹೋಗದಿದ್ದರೆ ಬದಲಿಸಿ. ಚಿಕಿತ್ಸಕರು ನಿಮ್ಮ ಜಾತಿ, ಧರ್ಮ, ಪ್ರೀತಿಯ ಆಯ್ಕೆಗಳನ್ನು ಹೀಗಳೆದರೆ, ನಿಮ್ಮೊಂದಿಗೆ ಸ್ನೇಹ ಅಥವಾ ದೈಹಿಕ ಸಂಬಂಧ ಬೆಳೆಸಲು ಯತ್ನಿಸಿದರೆ, ಸಲಿಂಗ ಪ್ರೇಮವನ್ನು "ಗುಣಪಡಿಸುತ್ತೇನೆ" ಎಂದರೆ, ಅದು ಹೊಂದಾಣಿಕೆಯ ಕೊರತೆಯಲ್ಲ, ತಪ್ಪು. ಅಲ್ಲಿಂದ ಎದ್ದು ಬನ್ನಿ, ದೂರು ಕೊಡಿ. ಒಬ್ಬರಿಂದ ಆದ ನೋವಿಗೆ ಚಿಕಿತ್ಸೆಯನ್ನೇ ಕೈಬಿಟ್ಟವರನ್ನು ನಾನು ಕಂಡಿದ್ದೇನೆ. ಇನ್ನೊಬ್ಬರನ್ನು ಹುಡುಕಲು ಅವರಿಗೆ ಯಾರಾದರೂ ಜೊತೆಯಾಗಬೇಕಿತ್ತು.

ಮನೆಯವರೊಬ್ಬರು ಹೋಗಲು ಒಪ್ಪುತ್ತಿಲ್ಲ. ಹೇಗೆ ಹೇಳುವುದು?

"ನಿನಗೆ ತಲೆ ಸರಿಯಿಲ್ಲ, ತೋರಿಸು" ಎಂದರೆ ಯಾರೂ ಒಪ್ಪುವುದಿಲ್ಲ. ನೀವು ಕಂಡದ್ದನ್ನು ಮಾತ್ರ ಹೇಳಿ: "ಅಣ್ಣ, ಒಂದು ತಿಂಗಳಿಂದ ನೀನು ರಾತ್ರಿ ಮಲಗಿದ್ದನ್ನು ನೋಡಿಲ್ಲ. ನನಗೆ ಭಯವಾಗುತ್ತಿದೆ. ಒಂದು ಸಲ ಜೊತೆಯಲ್ಲಿ ಹೋಗಿ ಬರೋಣ." ನಿದ್ದೆಗೆಂದೋ ತಲೆನೋವಿಗೆಂದೋ ಮೊದಲು ಪರಿಚಯದ ವೈದ್ಯರ ಬಳಿಗೆ ಹೋಗುವುದೂ ಒಂದು ದಾರಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತಾಗುವುದಿಲ್ಲ. ಕೇಳಿದವರಿದ್ದಾರಲ್ಲ ಎಂದು ಅವರಿಗೆ ನಿರಾಳವಾಗುವುದೇ ಹೆಚ್ಚು. ಅವರು ಒಪ್ಪದೇ ಹೋದರೂ ನೀವೇ ಹೋಗಿ, ಇಂಥವರೊಂದಿಗೆ ಹೇಗೆ ನಡೆದುಕೊಳ್ಳಬೇಕೆಂದು ಕೇಳಿಕೊಂಡು ಬರಬಹುದು.

ಅವರು ಹೋಗಿಬಂದ ದಿನ "ಏನು ಕೇಳಿದರು, ನನ್ನ ಬಗ್ಗೆ ಏನು ಹೇಳಿದೆ?" ಎಂದು ಕೆದಕಬೇಡಿ. ಊಟಕ್ಕೆ ಬಡಿಸಿ, ಸುಮ್ಮನೆ ಪಕ್ಕದಲ್ಲಿ ಕುಳಿತರೆ ಸಾಕು.

ಚಿಕಿತ್ಸೆ ಮುಗಿಯಿತೆಂದು ಹೇಗೆ ಗೊತ್ತಾಗುತ್ತದೆ?

ಒಂದು ದಿನದಲ್ಲಿ ಗೊತ್ತಾಗುವುದಿಲ್ಲ. ವಾರಕ್ಕೊಮ್ಮೆ ಇದ್ದದ್ದು ಎರಡು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಆಗುತ್ತದೆ. ಕಷ್ಟಗಳು ಹಾಗೆಯೇ ಇರಬಹುದು, ಆದರೆ ಅವು ಬಂದಾಗ ಏನು ಮಾಡಬೇಕೆಂದು ಮೊದಲೇ ತಿಳಿದಿರುತ್ತದೆ. ನನ್ನ ವಿಷಯದಲ್ಲಿ ಅದು ಹೀಗಾಯಿತು: ಒಂದು ಗುರುವಾರ ಹೇಳಿಕೊಳ್ಳಲು ಹೊಸದೇನೂ ಇರಲಿಲ್ಲ, ಅಪ್ಪ ಮಾಡುತ್ತಿದ್ದ ಗೊಜ್ಜಿನ ಬಗ್ಗೆ ಮಾತಾಡಿ ಎದ್ದು ಬಂದೆ. ಮುಂದಿನ ತಿಂಗಳಿಗೆ ಸಮಯ ಬರೆಸಿಕೊಳ್ಳಬೇಕೇ ಎಂದು ಅವರು ಕೇಳಿದಾಗ, ಬೇಕಾದರೆ ಫೋನ್ ಮಾಡುತ್ತೇನೆ ಎಂದೆ.